ಸದನದಲ್ಲಿ ಓದಿದ ಮಾತಿಗೆ ಲೆಕ್ಕ ಕೊಡಿ

ಇವರಿಗೆ,
ಮಾನ್ಯ ಹಣಕಾಸು ಸಚಿವರು, ಕೇಂದ್ರ ಸರ್ಕಾರ, ನವದೆಹಲಿ
ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಬಜೆಟ್ ಭಾಷಣಗಳಲ್ಲಿ ಜನರಿಗೆ ಮಾತು ಕೊಡುವ ರೀತಿ ಮತ್ತು ಆ ಮಾತಿಗೆ ಆಮೇಲೆ ಒದಗುವ ಗತಿಯ ಕುರಿತು ಅಹವಾಲು

ಮಾನ್ಯರೇ,

2023ರ ಫೆಬ್ರವರಿ 1ರಂದು ಲೋಕಸಭೆಯಲ್ಲಿ ಓದಿದ ಬಜೆಟ್ ಭಾಷಣದಲ್ಲಿ ನಮ್ಮ ಸೀಮೆಯ ಬಗ್ಗೆ ಒಂದು ವಾಕ್ಯ ಬಂತು. ಬರಪೀಡಿತ ಮಧ್ಯ ಕರ್ನಾಟಕದಲ್ಲಿ ಸೂಕ್ಷ್ಮ ನೀರಾವರಿಗೂ, ಕುಡಿಯುವ ನೀರಿಗಾಗಿ ಕೆರೆಗಳನ್ನು ತುಂಬಿಸುವುದಕ್ಕೂ ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರದಿಂದ 5,300 ಕೋಟಿ ರೂಪಾಯಿ ನೆರವು ನೀಡಲಾಗುವುದು ಎಂಬುದು ಅದರ ಸಾರ. ಹೇಳಿದ್ದು ಚುನಾವಣೆಯ ವೇದಿಕೆಯ ಮೇಲಲ್ಲ. ಸಂಸತ್ತಿನಲ್ಲಿ, ದೇಶದ ಜಮಾ-ಖರ್ಚು ಮಂಡಿಸುವ ದಿನ, ಅಚ್ಚಾದ ಭಾಷಣವನ್ನು ಓದುತ್ತ ಹೇಳಿದ್ದು. ಎರಡು ವರ್ಷ ಕಳೆದು 2025ರ ಬಜೆಟ್ ಬಂದಾಗಲೂ ಆ ಹಣ ಬಂದಿಲ್ಲ ಎಂದೇ ರಾಜ್ಯ ಸರ್ಕಾರ ಹೇಳುತ್ತಿತ್ತು.

ನಾನು ಚಿತ್ರದುರ್ಗ ಜಿಲ್ಲೆಯ ರೈತ. ಹಣ ಏಕೆ ಬರಲಿಲ್ಲ ಎಂದು ಕೇಳುವವರು ನನಗಿಂತ ದೊಡ್ಡವರು ಬಹಳ ಜನ ಇದ್ದಾರೆ, ಕೇಳುತ್ತಲೂ ಇದ್ದಾರೆ. ನನ್ನ ಅಹವಾಲು ಹಣಕ್ಕಿಂತ ಹಿಂದಿನದು. ಆ ವಾಕ್ಯವನ್ನು ಬರೆದ ರೀತಿಯ ಬಗ್ಗೆ. ಅಂಥ ವಾಕ್ಯಗಳಿಂದಲೇ ಜನರನ್ನು ಒಪ್ಪಿಸಿ, ಸಮಾಧಾನಪಡಿಸಿ, ಕಾಯಿಸಿಡುವುದು ಎರಡೂ ಸರ್ಕಾರಗಳಿಗೆ ಆಡಳಿತದ ಒಂದು ಭಾಗವೇ ಆಗಿಹೋಗಿದೆ. ಅದಕ್ಕಾಗಿಯೇ ಈ ಪತ್ರ ಇಬ್ಬರಿಗೂ.

ಯೋಜನೆ ಏನೆಂದು ನಿಮಗೆ ಗೊತ್ತು. ಪತ್ರ ಓದುವ ಬೇರೆ ಜಿಲ್ಲೆಯವರಿಗಾಗಿ ಹೇಳುತ್ತೇನೆ. ತುಂಗೆಯಿಂದ 17.40 ಟಿಎಂಸಿ ನೀರನ್ನು ಎತ್ತಿ ಭದ್ರಾ ಜಲಾಶಯಕ್ಕೆ ತರುವುದು, ಭದ್ರೆಯಿಂದ 29.90 ಟಿಎಂಸಿ ನೀರನ್ನು ಎತ್ತಿ ಅಜ್ಜಂಪುರದ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವುದು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಜಮೀನಿಗೆ ಹನಿ ನೀರಾವರಿ ಮತ್ತು 367 ಕೆರೆಗಳಿಗೆ ಅರ್ಧದಷ್ಟು ನೀರು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು, ಶಿರಾ ಇವೆಲ್ಲ ಮಳೆ ಕೈಕೊಟ್ಟರೆ ಬೋರಿನ ನೀರನ್ನೇ ನಂಬಿ ಬದುಕುವ ತಾಲ್ಲೂಕುಗಳು. ಇಲ್ಲಿ ಬೋರು ಕೊರೆಸಿ ನೀರು ಬೀಳದೆ ಸಾಲದಲ್ಲಿ ಮುಳುಗಿದವರು ಪ್ರತಿ ಊರಲ್ಲೂ ಸಿಗುತ್ತಾರೆ. ಬೇಸಿಗೆಯಲ್ಲಿ ಅಡಿಕೆ ತೋಟ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಹೊಡೆಸುವವರಿದ್ದಾರೆ.

ಇಂಥ ಕಡೆ ಸರ್ಕಾರದ ಭಾಷಣ ಬರೀ ಸುದ್ದಿಯಾಗಿ ಉಳಿಯುವುದಿಲ್ಲ. ನಾಲೆ ಬರುತ್ತದೆ, ದುಡ್ಡೂ ಘೋಷಣೆಯಾಗಿದೆ ಎಂದು ಕೇಳಿದ ರೈತ ತೋಟ ಕಡಿಯುವುದನ್ನು ಒಂದು ವರ್ಷ ಮುಂದಕ್ಕೆ ಹಾಕುತ್ತಾನೆ. ಆ ಒಂದು ವರ್ಷ ತೋಟ ಬದುಕಿಸಲು ಇನ್ನೊಂದು ಬೋರಿಗೆ ಕೈಸಾಲ ಮಾಡುತ್ತಾನೆ. ಮಾರಬೇಕೆಂದಿದ್ದ ಎರಡು ಎಕರೆಯನ್ನು ಉಳಿಸಿಕೊಳ್ಳುತ್ತಾನೆ, ಇಲ್ಲವೇ ದರ ಏರೀತೆಂದು ಇನ್ನೊಬ್ಬ ಅದನ್ನು ಕೊಳ್ಳುತ್ತಾನೆ. ಬೆಂಗಳೂರಿಗೆ ಹೊರಟಿದ್ದ ಮಗನನ್ನು ತಾಯಿ ಇನ್ನೊಂದು ಬೆಳೆ ನೋಡೋಣ ಎಂದು ನಿಲ್ಲಿಸುತ್ತಾಳೆ. ಭಾಷಣ ಬರೆದುಕೊಡುವ ಅಧಿಕಾರಿಗಳು ಇದನ್ನು ಅರಿಯಬೇಕು: ನೀವು ಬರೆದ ಒಂದು ವಾಕ್ಯವನ್ನು ನಂಬಿ ಜನ ತಮ್ಮ ಮನೆಯ ಲೆಕ್ಕಾಚಾರವನ್ನೇ ಬದಲಿಸಿಕೊಂಡಿರುತ್ತಾರೆ.

ಈಗ ಆ ವಾಕ್ಯವನ್ನೇ ಬಿಡಿಸಿ ನೋಡೋಣ. ಅದು ಶುರುವಾಗುವುದೇ ನಮ್ಮ ಕಷ್ಟದಿಂದ, ಬರಪೀಡಿತ ಎಂದು. ದೆಹಲಿಯ ಸದನದಲ್ಲಿ ತಮ್ಮ ಸೀಮೆಯ ಬರವನ್ನು ಹೆಸರಿಟ್ಟು ಕರೆದರು ಎನ್ನುವುದೇ ಅನೇಕರ ಕಣ್ಣು ತುಂಬಿಸಲು ಸಾಕು. ನೊಂದವನ ನೋವನ್ನು ಮೊದಲು ಹೇಳಿದರೆ ಮುಂದೆ ಹೇಳುವುದನ್ನು ಅವನು ಪ್ರಶ್ನಿಸದೆ ಕೇಳುತ್ತಾನೆ. ಸರ್ಕಾರಿ ಭಾಷಣದ ಅತಿ ಬಲವಾದ ಪಟ್ಟು ಇದು. ಆಮೇಲೆ ಬರುವುದು ಅಂಕಿ: 5,300 ಕೋಟಿ. ಹಳ್ಳಿಯವರ ಕಿವಿಗೆ ಅದು ಎಣಿಕೆಗೆ ಸಿಗದ ಮೊತ್ತ. ಆದರೆ ಯೋಜನೆಯ ಪರಿಷ್ಕೃತ ಅಂದಾಜು 21,473 ಕೋಟಿ. ಹಾಗಾದರೆ 5,300 ಕೋಟಿ ಹೆಚ್ಚುಕಡಿಮೆ ಅದರ ಕಾಲು ಭಾಗ. ಉಳಿದ ಮುಕ್ಕಾಲು ಯಾರದು, ಈ ಕಾಲು ಭಾಗ ಒಂದೇ ವರ್ಷದಲ್ಲೋ ಹತ್ತು ವರ್ಷದಲ್ಲೋ, ಯಾವ ಲೆಕ್ಕ ಶೀರ್ಷಿಕೆಯಿಂದ, ರಾಜ್ಯ ಏನೇನು ಪೂರೈಸಿದ ಮೇಲೆ? ಇದು ಯಾವುದೂ ವಾಕ್ಯದಲ್ಲಿಲ್ಲ. ಷರತ್ತುಗಳು ಇದ್ದವೆಂದು ನಮಗೆ ತಿಳಿದದ್ದು ಹಣ ಬಾರದೆ ಜಗಳ ಶುರುವಾದ ಮೇಲೆ.

ಕೊನೆಗೆ ಕ್ರಿಯಾಪದ. ನೀಡಲಾಗುವುದು. ಇದಕ್ಕೆ ಕರ್ತೃ ಇಲ್ಲ. ನಾನು ಕೊಡುತ್ತೇನೆ ಎಂದವನನ್ನು ಹಿಡಿದು ಕೇಳಬಹುದು. ನೀಡಲಾಗುವುದು ಎಂದರೆ ಕೇಳಬೇಕಾದವರು ಯಾರು? ಹಣಕಾಸು ಇಲಾಖೆಯೋ, ಜಲಶಕ್ತಿ ಸಚಿವಾಲಯವೋ, ಸಂಪುಟವೋ? ಇದು ದೆಹಲಿಯ ಭಾಷಣಕ್ಕಷ್ಟೇ ಹೇಳುವ ಮಾತಲ್ಲ. ಬೆಂಗಳೂರಿನಲ್ಲಿ ಓದುವ ಬಜೆಟ್ ಭಾಷಣದ ಕಂಡಿಕೆಗಳನ್ನು ಒಂದೊಂದಾಗಿ ಓದಿ. ಕ್ರಮ ಕೈಗೊಳ್ಳಲಾಗುವುದು, ಹಂತ ಹಂತವಾಗಿ ಅನುಷ್ಠಾನಗೊಳಿಸಲಾಗುವುದು, ಆದ್ಯತೆ ಮೇರೆಗೆ ಪೂರ್ಣಗೊಳಿಸಲಾಗುವುದು, ಅಗತ್ಯ ಅನುದಾನ ಒದಗಿಸಲಾಗುವುದು. ಪುಟದ ಮೇಲೆ ಪುಟ ಹೀಗೇ ಸಾಗುತ್ತದೆ. ಯಾವ ಪಕ್ಷ ಬಂದರೂ ಈ ಭಾಷೆ ಬದಲಾಗಿಲ್ಲ. ಸರ್ಕಾರ ಬದಲಾದಾಗ ಹಿಂದಿನವರ ಮಾತಿಗೆ ತಾನು ಹೊಣೆಯಲ್ಲ ಎನ್ನಲು ಈ ಕರ್ತೃವಿಲ್ಲದ ವಾಕ್ಯವೇ ದಾರಿ ಮಾಡಿಕೊಡುತ್ತದೆ.

ಕಾಲವನ್ನೂ ಗಮನಿಸಬೇಕು. ಆ ಭಾಷಣ ಫೆಬ್ರವರಿಯಲ್ಲಿ, ನಮ್ಮ ವಿಧಾನಸಭೆಗೆ ಮತದಾನ ನಡೆದದ್ದು ಅದೇ ವರ್ಷ ಮೇ 10ರಂದು. ಅದಕ್ಕೆ ಐದು ವರ್ಷ ಹಿಂದೆ, 2018ರ ಫೆಬ್ರವರಿ 1ರ ಕೇಂದ್ರ ಬಜೆಟ್ ಭಾಷಣದಲ್ಲಿ ಬೆಂಗಳೂರಿಗೆ 17,000 ಕೋಟಿ ಅಂದಾಜಿನ 160 ಕಿ.ಮೀ. ಉಪನಗರ ರೈಲಿನ ಮಾತು ಬಂದಿತ್ತು. ಅದೂ ಇಲ್ಲಿ ಚುನಾವಣೆಯ ವರ್ಷವೇ. ಆ ಯೋಜನೆಗೆ ಶಂಕುಸ್ಥಾಪನೆ ಆದದ್ದು 2022ರ ಜೂನ್‌ನಲ್ಲಿ, ನಲವತ್ತು ತಿಂಗಳ ಗಡುವಿನೊಂದಿಗೆ. ಗಡುವು 2025ರ ಅಕ್ಟೋಬರ್‌ಗೆ ಮುಗಿಯಿತು, ಒಂದು ಮಾರ್ಗದಲ್ಲೂ ರೈಲು ಓಡಿರಲಿಲ್ಲ. ಚುನಾವಣೆಯ ವರ್ಷ ಒಂದು ರಾಜ್ಯಕ್ಕೆ ಏನನ್ನಾದರೂ ಕೊಡುವುದು ತಪ್ಪಲ್ಲ, ಕೊಟ್ಟರೆ ನಮಗೆ ಸಂತೋಷವೇ. ಮಾತು ಚುನಾವಣೆಯ ಹೊತ್ತಿಗೆ ತಲುಪಿ ಹಣ ಮಾತ್ರ ತಲುಪದೆ ಹೋಗುವುದು ತಪ್ಪು.

2024ರ ಜುಲೈ 23ರ ಕೇಂದ್ರ ಬಜೆಟ್ ಭಾಷಣವನ್ನು ಇಲ್ಲಿಯ ಜನ ಕಿವಿಗೊಟ್ಟು ಕೇಳಿದರು. ಬಿಹಾರದ ಕೋಸಿ-ಮೇಚಿ ಜೋಡಣೆ ಮತ್ತಿತರ ಕಾಮಗಾರಿಗಳಿಗೆ 11,500 ಕೋಟಿಯ ಮಾತು ಬಂತು, ಆಂಧ್ರದ ಪೋಲವರಂ ಬಂತು. ಭದ್ರೆಯ ಹೆಸರು ಬರಲಿಲ್ಲ. ಬಿಹಾರದವರ ಪ್ರವಾಹದ ಕಷ್ಟವೂ ಕಷ್ಟವೇ, ಅವರಿಗೆ ಕೊಟ್ಟರೆಂದು ನಮಗೆ ಹೊಟ್ಟೆಕಿಚ್ಚಿಲ್ಲ. ನಮಗೆ ನೋವಾದದ್ದು ಮೌನದಿಂದ. ಹಿಂದಿನ ವರ್ಷ ಹೇಳಿದ್ದೆವು, ಇಂಥ ಕಾರಣಕ್ಕೆ ಕೊಡಲಾಗಿಲ್ಲ ಎಂದು ಅದೇ ಸದನದಲ್ಲಿ ಅದೇ ದನಿಯಲ್ಲಿ ಹೇಳಬಹುದಿತ್ತು. ಹಿಂದಿನ ವರ್ಷದ ಘೋಷಣೆಗಳು ಎಲ್ಲಿಗೆ ಬಂದವು ಎಂಬುದರ ಪುಸ್ತಿಕೆಯನ್ನು ಬಜೆಟ್ ದಾಖಲೆಗಳ ಜೊತೆ ಇಡುವ ಪದ್ಧತಿ ಕೇಂದ್ರದಲ್ಲಿ ಇದೆ, ಅದು ಒಳ್ಳೆಯ ಪದ್ಧತಿ. ಆದರೆ ಟಿ.ವಿ.ಯಲ್ಲಿ ದೇಶವೆಲ್ಲ ಕೇಳುವಂತೆ ಓದುವುದು ಹೊಸ ಘೋಷಣೆಗಳನ್ನು ಮಾತ್ರ. ಹಳೆಯದರ ಗತಿ ಕಡತದಲ್ಲಿ ಉಳಿಯುತ್ತದೆ.

ಮಾನ್ಯ ಮುಖ್ಯಮಂತ್ರಿಗಳೇ, ಈಗ ರಾಜ್ಯದ ಮಾತು. ನೀವು 2024ರ ಫೆಬ್ರವರಿ 7ರಂದು ಮಂತ್ರಿಮಂಡಲದೊಡನೆ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತಿರಿ. ನನ್ನ ತೆರಿಗೆ ನನ್ನ ಹಕ್ಕು ಎಂಬ ಘೋಷಣೆ ಊರೂರಿಗೂ ಮುಟ್ಟಿತು. ಆ ಅಹವಾಲಿನಲ್ಲಿ ಭದ್ರಾ ಮೇಲ್ದಂಡೆಯೂ ಇತ್ತು, ಅದಕ್ಕೆ ನಾವು ಕೃತಜ್ಞರು. ಆದರೆ ದೆಹಲಿಯ ವಾಕ್ಯಕ್ಕೆ ಉತ್ತರವಾಗಿ ಬೆಂಗಳೂರಿನಿಂದಲೂ ವಾಕ್ಯವೇ ಬಂದರೆ ನಮ್ಮ ಕೆರೆಗೆ ಏನು ಬಂದಂತಾಯಿತು? ಕೇಂದ್ರ ಕೊಡಲಿಲ್ಲ ಎಂಬುದು ನಿಜ. ಅಬ್ಬಿನಹೊಳಲು ಬಳಿ ಜಮೀನಿನ ಪರಿಹಾರದ ತಕರಾರಿನಿಂದ ನಾಲೆಯ ಕೆಲಸ ವರ್ಷಗಟ್ಟಲೆ ನಿಂತದ್ದೂ ನಿಜ. ಅದು ರಾಜ್ಯ ಬಗೆಹರಿಸಬೇಕಿದ್ದ ಸಂಗತಿ. ಮೊದಲನೆಯದು ಪ್ರತಿ ಭಾಷಣದಲ್ಲೂ ಕೇಳಿಸುತ್ತದೆ, ಎರಡನೆಯದು ಅಷ್ಟು ಗಟ್ಟಿಯಾಗಿ ಕೇಳಿಸುವುದಿಲ್ಲ. ಬೇರೆಯವರ ತಪ್ಪನ್ನು ಎತ್ತಿ ಹೇಳಿ ತಮ್ಮದನ್ನು ಮರೆಸುವುದೂ ಜನರನ್ನು ಒಪ್ಪಿಸುವ ಒಂದು ವಿಧಾನ.

ಮೇಕೆದಾಟು ವಿಚಾರ ತೆಗೆದುಕೊಳ್ಳಿ. 2022ರ ಜನವರಿಯಲ್ಲಿ ಆಗಿನ ವಿರೋಧ ಪಕ್ಷವಾದ ಕಾಂಗ್ರೆಸ್ ನಮ್ಮ ನೀರು ನಮ್ಮ ಹಕ್ಕು ಎಂದು ಪಾದಯಾತ್ರೆ ಮಾಡಿತು. ಎರಡೇ ತಿಂಗಳಲ್ಲಿ, ಮಾರ್ಚ್ 4ರಂದು, ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಬಜೆಟ್‌ನಲ್ಲಿ ಮೇಕೆದಾಟಿಗೆ 1,000 ಕೋಟಿ, ಕಳಸಾ-ಬಂಡೂರಿಗೆ 1,000 ಕೋಟಿ ಘೋಷಿಸಿದರು. ಮೇಕೆದಾಟಿನ ವಾಕ್ಯದಲ್ಲಿ ಕೇಂದ್ರದ ಸಕ್ಷಮ ಪ್ರಾಧಿಕಾರಗಳಿಂದ ಅನುಮತಿ ಪಡೆದು ಎಂಬ ಷರತ್ತೂ ಇತ್ತು. ಆದರೆ ಮೇಜು ಕುಟ್ಟಿದ್ದು 1,000 ಕೋಟಿ ಎಂಬ ಮಾತಿಗೆ, ಮರುದಿನದ ಪತ್ರಿಕೆಗಳ ತಲೆಬರಹವಾದದ್ದೂ ಅದೇ. ಅನುಮತಿ ಸಿಗದ ಕಾಮಗಾರಿಗೆ ಇಟ್ಟ ಹಣ ಅಣೆಕಟ್ಟಾಗಲು ಸಾಧ್ಯವೇ ಇರಲಿಲ್ಲ ಎಂಬುದು ಬರೆದವರಿಗೆ ಗೊತ್ತಿತ್ತು, ಓದಿದವರಿಗೂ ಗೊತ್ತಿತ್ತು. ಗೊತ್ತಿರದಿದ್ದವರು ಕೇಳಿದ ಜನ ಮಾತ್ರ. ಕಳಸಾ-ಬಂಡೂರಿಗೆ ಅದಕ್ಕೂ ಮೊದಲು 2020ರ ಬಜೆಟ್‌ನಲ್ಲಿ 500 ಕೋಟಿಯ ಮಾತು ಬಂದಿತ್ತು. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟು ನಮ್ಮ ರಾಜ್ಯಕ್ಕೆ 13.42 ಟಿಎಂಸಿ ಹಂಚಿದ್ದರೂ ಅದರಲ್ಲಿ ಕಳಸಾ-ಬಂಡೂರಿಯ ಪಾಲು ಮಲಪ್ರಭೆಗೆ ಹರಿಯದೆ ನರಗುಂದ, ನವಲಗುಂದದ ರೈತರು ಇನ್ನೂ ಕಾಯುತ್ತಿದ್ದಾರೆ.

ಒಂದು ಮಾತನ್ನು ಎಲ್ಲರಿಗೂ ಕೊಟ್ಟು, ಉತ್ತರವನ್ನು ಕೆಲವರಿಂದ ಕೊಡಿಸುವ ಕ್ರಮವೂ ಇದೆ. 2016ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿಯವರು 2022ರೊಳಗೆ ರೈತರ ಆದಾಯ ದುಪ್ಪಟ್ಟು ಎಂದರು. ಆ ಮಾತಿನಲ್ಲಿ ವರ್ಷ ಹೇಳಿದ್ದರು, ಅದು ಮೆಚ್ಚತಕ್ಕದ್ದು. ಯಾವ ವರ್ಷದ ಆದಾಯದ ದುಪ್ಪಟ್ಟು, ಬೆಲೆಯೇರಿಕೆ ಕಳೆದ ಮೇಲೋ ಕಳೆಯದೆಯೋ ಎಂಬುದನ್ನು ಹೇಳಲಿಲ್ಲ. ಅದನ್ನು ಆಮೇಲೆ ಅಶೋಕ್ ದಳವಾಯಿ ಸಮಿತಿ ನಿರ್ಧರಿಸಬೇಕಾಯಿತು. 2022 ಬಂದಾಗ ಭಾರತೀಯ ಕೃಷಿ ಸಂಶೋಧನಾ ಮಂಡಳಿ ಆದಾಯ ಹೆಚ್ಚಿಸಿಕೊಂಡ 75,000 ರೈತರ ಯಶೋಗಾಥೆಗಳನ್ನು ಸಂಕಲಿಸಿ ಹೊರತಂದಿತು. ಆ ರೈತರ ಶ್ರಮ ದೊಡ್ಡದು, ಅವರನ್ನು ನೋಡಿ ಕಲಿಯುವುದೂ ಇದೆ. ಆದರೆ ದೇಶದ ಕೋಟ್ಯಂತರ ರೈತ ಕುಟುಂಬಗಳಿಗೆ ಕೊಟ್ಟ ಮಾತಿಗೆ ಆಯ್ದ 75,000 ಜನರ ಕಥೆ ಉತ್ತರವಾಗುವುದಿಲ್ಲ. ಉಳಿದವರ ಲೆಕ್ಕ ಎಲ್ಲಿ ಎಂದು ಕೇಳುವ ಹಕ್ಕು ಉಳಿದವರಿಗಿದೆ.

ಭಾಷಣದ ಮೊದಲಿಗೆ ವಚನವನ್ನೋ ಕವಿಯ ಸಾಲನ್ನೋ ಇಡುವುದು ರೂಢಿ. ಅದನ್ನು ನಿಲ್ಲಿಸಿ ಎಂದು ಹೇಳುತ್ತಿಲ್ಲ, ಸದನದಲ್ಲಿ ಕಾವ್ಯ ಕೇಳಿಸುವುದು ಒಳ್ಳೆಯದೇ. ಆದರೆ ನುಡಿದಂತೆ ನಡೆಯಬೇಕೆಂದ ಶರಣರ ಹೆಸರು ಹೇಳಿ ಶುರುಮಾಡಿದ ಭಾಷಣಕ್ಕೆ ಉಳಿದ ಭಾಷಣಗಳಿಗಿಂತ ಹೆಚ್ಚಿನ ಭಾರವಿರುತ್ತದೆ. ಹಾಗೆಯೇ ರಾಜ್ಯಪಾಲರ ಭಾಷಣ. ಸಂವಿಧಾನದ 176ನೇ ವಿಧಿಯಂತೆ ಪ್ರತಿ ವರ್ಷದ ಮೊದಲ ಅಧಿವೇಶನದಲ್ಲಿ ಅವರು ಉಭಯ ಸದನಗಳನ್ನು ಉದ್ದೇಶಿಸಿ ಮಾತಾಡುತ್ತಾರೆ. ಮಂತ್ರಿಮಂಡಲ ಒಪ್ಪಿದ ಪಠ್ಯವನ್ನು ನನ್ನ ಸರ್ಕಾರ ಎನ್ನುತ್ತ ಓದುತ್ತಾರೆ. ಪಕ್ಷಾತೀತವಾದ ಆ ಹುದ್ದೆಯ ಘನತೆ ಒಳಗಿನ ಪ್ರತಿ ಅಂಕಿಗೂ ಅಂಟಿಕೊಳ್ಳುತ್ತದೆ. ಗುರಿ ಎಂದು ಬರೆಯಬೇಕಾದದ್ದನ್ನು ಸಾಧನೆಯ ಪಟ್ಟಿಯಲ್ಲಿ ಬರೆದರೆ ಕೆಡುವುದು ಆ ಹುದ್ದೆಯ ಘನತೆ.

ಸರ್ಕಾರಿ ಭಾಷಣ ಎಂದರೆ ಹೀಗೇ, ಇದನ್ನು ಬದಲಿಸಲಾಗದು ಎನ್ನುವವರು ನಮ್ಮದೇ ನಾಡಿನ ಚರಿತ್ರೆ ನೋಡಬೇಕು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗಿನಿಂದ ದಸರಾ ಸಮಯದಲ್ಲಿ ದಿವಾನರು ಆ ಸಭೆಯ ಮುಂದೆ ಭಾಷಣ ಓದುತ್ತಿದ್ದರು. ಆ ಭಾಷಣಗಳು ಅಚ್ಚಾಗಿ ಉಳಿದಿವೆ. ವರ್ಷದ ಮಳೆ-ಬೆಳೆ, ಬಂದ ಕಂದಾಯ, ಆದ ಖರ್ಚು, ರೈಲು, ಕೆರೆ-ಕಾಲುವೆಗಳ ಕೆಲಸ ಎಲ್ಲಿಗೆ ಬಂತು ಎಂಬ ವರದಿ ಅವುಗಳ ಮುಖ್ಯ ಭಾಗ. ಆ ಸಭೆಗೆ ಅಧಿಕಾರ ಹೆಚ್ಚಿರಲಿಲ್ಲ, ಸದಸ್ಯರು ಅಹವಾಲು ಹೇಳಬಹುದಿತ್ತು ಅಷ್ಟೇ. ಅದು ಪ್ರಜಾಪ್ರಭುತ್ವವಾಗಿತ್ತೆಂದು ನಾನು ಹೇಳುವುದಿಲ್ಲ. ಆದರೂ ಆಗಿರುವುದನ್ನು ಮೊದಲು ಹೇಳಿ ಆಮೇಲೆ ಆಗಬೇಕಾದದ್ದಕ್ಕೆ ಬರುವ ಶಿಸ್ತು ಆ ಭಾಷಣಗಳಲ್ಲಿತ್ತು. ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕಟ್ಟಿದ್ದು ಆ ಆಡಳಿತವೇ. 1933ರಲ್ಲಿ ಕೋಡಿ ಬಿದ್ದಿದ್ದ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಒಳ್ಳೆಯ ಮಳೆಯ ಜೊತೆಗೆ ಭದ್ರೆಯ ನೀರೂ ಸೇರಿ. ಮೇಲ್ದಂಡೆಯ ಕೆಲಸದಲ್ಲಿ ಆದಷ್ಟು ಆಗಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆಗಿರುವುದನ್ನು ಇರುವಂತೆ ಹೇಳಿದರೆ ಜನ ಒಪ್ಪುತ್ತಾರೆ ಎಂಬುದಕ್ಕಾಗಿ ಇದನ್ನು ಬರೆದೆ.

ಕೊಟ್ಟ ಮಾತಿಗೆ ಕಾನೂನಿನ ಬಲ ಇದೆಯೇ ಎಂದೂ ಕೇಳಿ ನೋಡಿದವರಿದ್ದಾರೆ. 2020ರ ಮಾರ್ಚ್ 29ರಂದು, ಲಾಕ್‌ಡೌನ್ ಸಮಯದಲ್ಲಿ, ದೆಹಲಿಯ ಆಗಿನ ಮುಖ್ಯಮಂತ್ರಿ ಬಡ ಬಾಡಿಗೆದಾರರ ಬಾಡಿಗೆಯನ್ನು ಸರ್ಕಾರ ಕಟ್ಟುತ್ತದೆ ಎಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಅದು ಆಗದಿದ್ದಾಗ ಕೆಲವರು ನ್ಯಾಯಾಲಯಕ್ಕೆ ಹೋದರು. 2021ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ, ಮುಖ್ಯಮಂತ್ರಿ ಕೊಟ್ಟ ಮಾತು ಜಾರಿಗೆ ಅರ್ಹವಾದ ವಾಗ್ದಾನ ಎಂದು ತೀರ್ಪು ನೀಡಿತು. ಎರಡು ತಿಂಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. ಪ್ರತಿ ಮಾತಿಗೂ ಬಡವರು ಹೈಕೋರ್ಟ್ ಮೆಟ್ಟಿಲು ಹತ್ತಬೇಕು ಎನ್ನುವುದು ಪರಿಹಾರವಲ್ಲ. ಪರಿಹಾರ ಸದನದಲ್ಲೇ ಇದೆ. ಮಂತ್ರಿಗಳು ಸದನದಲ್ಲಿ ಕೊಟ್ಟ ಭರವಸೆಗಳ ಬೆನ್ನುಹತ್ತಲು ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ, ನಮ್ಮ ವಿಧಾನಮಂಡಲದಲ್ಲೂ ಇದೆ. ಯಾವ ಯಾವ ಮಾತು ಭರವಸೆ ಎನಿಸುತ್ತದೆ ಎಂದು ಲೋಕಸಭೆ ಪಟ್ಟಿಯನ್ನೇ ಮಾಡಿಟ್ಟಿದೆ. ವಿಷಯ ಪರಿಶೀಲನೆಯಲ್ಲಿದೆ ಎಂದರೂ ಅದು ಭರವಸೆಯೇ, ಮೂರು ತಿಂಗಳಲ್ಲಿ ಅದನ್ನು ಈಡೇರಿಸಬೇಕು. ಪ್ರಶ್ನೋತ್ತರ ವೇಳೆಯ ಇಷ್ಟು ಸಣ್ಣ ಮಾತಿಗೆ ಈ ಕಟ್ಟುಪಾಡು ಇರುವಾಗ, ಬಜೆಟ್ ಭಾಷಣದಲ್ಲಿ ಇಂಥ ಯೋಜನೆಗೆ ಇಷ್ಟು ಕೋಟಿ ಎಂದು ಹೆಸರು ಮೊತ್ತ ಎರಡೂ ಹೇಳಿದ ಮಾತಿಗೆ ಏಕಿರಬಾರದು?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬಜೆಟ್ ಭಾಷಣದಲ್ಲಿ ಮೊತ್ತದೊಡನೆ ಹೆಸರಿಸುವ ಪ್ರತಿ ಯೋಜನೆಗೂ ಹೊಣೆ ಹೊರುವ ಇಲಾಖೆ, ಮೊದಲ ಕಂತಿನ ತಿಂಗಳು, ಹಣ ಬರುವ ಲೆಕ್ಕ ಶೀರ್ಷಿಕೆ, ಪೂರೈಸಬೇಕಾದ ಷರತ್ತು ಇವನ್ನು ಅದೇ ಕಂಡಿಕೆಯಲ್ಲಿ ಓದಬೇಕು. ಷರತ್ತು ಪೂರೈಸಬೇಕಾದದ್ದು ಇನ್ನೊಂದು ಸರ್ಕಾರವಾದರೆ ಅದನ್ನೂ ಹೇಳಬೇಕು. ಸಿಗದ ಅನುಮತಿಯನ್ನು ಅವಲಂಬಿಸಿದ ಕಾಮಗಾರಿಗೆ ಮೊತ್ತ ಹೇಳುವ ಮೊದಲು ಅನುಮತಿ ಸಿಕ್ಕಿಲ್ಲ ಎಂದು ಹೇಳಬೇಕು. ಮರುವರ್ಷ ಹೊಸ ಘೋಷಣೆಗೆ ಬಾಯಿ ತೆರೆಯುವ ಮೊದಲು ಹಿಂದಿನದು ಎಷ್ಟು ಆಯಿತು, ಎಷ್ಟು ಆಗಲಿಲ್ಲ, ಏಕೆ ಎಂದು ಸದನದಲ್ಲೇ ಓದಬೇಕು. ಆಗದೆ ಉಳಿದದ್ದನ್ನು ಭರವಸೆಗಳ ಸಮಿತಿಗೆ ವಹಿಸಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಭಾಷಣದ ಕರಡು ನಿಮ್ಮ ಮೇಜಿಗೆ ಬಂದಾಗ ಲಾಗುವುದು ಎಂಬಲ್ಲೆಲ್ಲ ಯಾರು, ಯಾವಾಗ ಎಂದು ಪಕ್ಕದಲ್ಲಿ ಬರೆದು ಹಿಂದಕ್ಕೆ ಕಳಿಸಿದರೆ ಅರ್ಧ ಕೆಲಸ ಆಗುತ್ತದೆ.

ಭದ್ರಾ ಮೇಲ್ದಂಡೆಯ ವಿಷಯದಲ್ಲಿ ಇನ್ನೊಂದು ಕೋರಿಕೆ. ಕೇಂದ್ರ ಮತ್ತು ರಾಜ್ಯದ ನಡುವೆ ಈ ನೆರವಿನ ಬಗ್ಗೆ ಆದ ಪತ್ರವ್ಯವಹಾರವನ್ನು ದಿನಾಂಕ ಸಮೇತ, ಯಾರು ಏನು ಕೇಳಿದರು, ಯಾರು ಯಾವಾಗ ಉತ್ತರಿಸಿದರು ಎಂಬುದರೊಡನೆ, ಎರಡೂ ಸರ್ಕಾರಗಳು ಕನ್ನಡದಲ್ಲಿ ಪ್ರಕಟಿಸಬೇಕು. ನಾಲ್ಕೂ ಜಿಲ್ಲೆಗಳ ಜಿಲ್ಲಾಧಿಕಾರಿ ಕಚೇರಿಗಳಲ್ಲಿ ಮತ್ತು ನಾಲೆ ಹಾದುಹೋಗುವ ಗ್ರಾಮ ಪಂಚಾಯಿತಿಗಳ ಫಲಕದಲ್ಲಿ ಅದನ್ನು ಹಾಕಿಸಬೇಕು. ಬೋರು ಕೊರೆಸಬೇಕೋ ಬೇಡವೋ, ತೋಟ ಉಳಿಸಿಕೊಳ್ಳಬೇಕೋ ಬೇಡವೋ ಎಂದು ಈ ಬೇಸಿಗೆಯ ಮೊದಲು ತೀರ್ಮಾನ ಮಾಡಬೇಕಾದವರು ನಾವು. ಬರುವುದಾದರೆ ಯಾವಾಗ ಎಂದು ಬರೆಯಿರಿ, ಬರುವುದಿಲ್ಲವಾದರೆ ಬರುವುದಿಲ್ಲ ಎಂದೇ ಬರೆಯಿರಿ.

ಇಂತಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ರೈತ